ಮನೆಯಲ್ಲಿ ಬೇಟೆ ಮೀನು ಸಾಕುವ ಮುನ್ನ: ಟ್ಯಾಂಕಿನ ಲೆಕ್ಕ, ನೀರಿನ ಲೆಕ್ಕ, ಕೆರೆಯ ಲೆಕ್ಕ

"ಅಣ್ಣಾರ, ಈ ಮೀನು ಎಷ್ಟ ದೊಡ್ಡದಾಗ್ತದ್ರಿ?"

"ನಿಮ್ಮ ಟ್ಯಾಂಕ್ ಎಷ್ಟ ಇರ್ತದ, ಅಷ್ಟ ಬೆಳೀತದ್ರಿ. ಚಿಂತಿ ಮಾಡಬ್ಯಾಡ್ರಿ."

ಅಕ್ವೇರಿಯಂ ಅಂಗಡಿಗೆ ಒಮ್ಮೆಯಾದರೂ ಕಾಲಿಟ್ಟವರಿಗೆ ಈ ಮಾತು ಹೊಸದಲ್ಲ. ಎದುರಿಗೆ ಎರಡಿಂಚಿನ ಆಸ್ಕರ್ ಮರಿ. ಗಾಜಿನ ಮೇಲೆ ಬೆರಳಿಟ್ಟರೆ ಬೆರಳಿನ ಹಿಂದೆಯೇ ಬರುತ್ತದೆ, ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತದೆ. ಮಗ "ಅಪ್ಪಾ, ಇದನ್ನ ತಗೊಳ್ಳೋಣು" ಅಂತಾನೆ. ವಿಜಯಪುರದಿಂದ ಇಂಡಿಗೋ ಸಿಂದಗಿಗೋ ಹೊರಟ ಬಸ್ಸಿನಲ್ಲಿ, ಗಾಳಿ ತುಂಬಿ ರಬ್ಬರ್ ಬ್ಯಾಂಡ್ ಹಾಕಿದ ಪ್ಲಾಸ್ಟಿಕ್ ಚೀಲ ತೊಡೆಯ ಮೇಲೆ ಕೂರುತ್ತದೆ. ಮನೆಯಲ್ಲಿ ಎರಡಡಿ ಉದ್ದದ ಟ್ಯಾಂಕ್ ಕಾಯುತ್ತಿರುತ್ತದೆ.

ಅಂಗಡಿಯ ಆ ಮಾತು ಸುಳ್ಳು. ಆಸ್ಕರ್ ಮೀನು ಒಂದು ವರ್ಷದೊಳಗೆ ಅಂಗೈಗಿಂತ ದೊಡ್ಡದಾಗುತ್ತದೆ. ಪೂರ್ತಿ ಬೆಳೆದಾಗ ಸುಮಾರು 30 ಸೆಂಟಿಮೀಟರ್, ಅಂದರೆ ಒಂದಡಿ. ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷಕ್ಕೂ ಹೆಚ್ಚು ಬದುಕುತ್ತದೆ. ಸಣ್ಣ ಟ್ಯಾಂಕಿನಲ್ಲಿ ಅದರ ಬೆಳವಣಿಗೆ ಕುಂಠಿತವಾಗುವುದು ನಿಜ. ಆದರೆ ಅದು ಮೀನು ಜಾಗಕ್ಕೆ ಹೊಂದಿಕೊಂಡ ಲಕ್ಷಣ ಅಲ್ಲ. ತನ್ನದೇ ಹೊಲಸಿನಲ್ಲಿ ಬದುಕಿ ಬೆನ್ನು ಬಾಗಿ, ತಲೆಯ ಮೇಲೆ ತೂತು ಬಿದ್ದು, ಬೇಗ ಸಾಯುವ ಲಕ್ಷಣ.

ಇಂಥ ಮೀನನ್ನು ಇನ್ನು ಇಟ್ಟುಕೊಳ್ಳಲು ಆಗುವುದಿಲ್ಲ ಅನ್ನಿಸಿದ ದಿನ ಬಹುತೇಕರು ಮಾಡುವುದು ಒಂದೇ ಕೆಲಸ. ಬಕೆಟ್ಟಿಗೆ ಹಾಕಿಕೊಂಡು ಹತ್ತಿರದ ಕೆರೆಗೋ ಕಾಲುವೆಗೋ ಬಿಟ್ಟು ಬರುವುದು. "ಪಾಪ, ಬದುಕಿಕೊಳ್ಳಲಿ" ಅನ್ನುವ ಒಳ್ಳೆಯ ಮನಸ್ಸಿನಿಂದಲೇ ಬಿಡುತ್ತಾರೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಂಥ ಕಡೆ ಆ ಒಳ್ಳೆಯ ಮನಸ್ಸಿನ ಬೆಲೆಯನ್ನು ಬೇರೆ ಯಾರೋ ತೆರಬೇಕಾಗುತ್ತದೆ. ಹೀಗಾಗಿ ಬೇಟೆ ಮೀನಿನ ಆಯ್ಕೆ ಬರೀ ಹವ್ಯಾಸದ ವಿಷಯ ಅಲ್ಲ. ಯಾವ ಮೀನು ತರಬೇಕು ಎಂದು ಕೇಳುವ ಮೊದಲು ಯಾವ ಮೀನನ್ನು ಕೊನೆಯವರೆಗೂ ಇಟ್ಟುಕೊಳ್ಳಬಲ್ಲೆ ಎಂದು ಕೇಳಿಕೊಳ್ಳಬೇಕು.

ಬೇಟೆ ಮೀನು ಅಂದರೆ ಯಾವುದು?

ಹವ್ಯಾಸಿಗಳ ಭಾಷೆಯಲ್ಲಿ 'ಪ್ರಿಡೇಟರ್' ಅಥವಾ 'ಮಾನ್‌ಸ್ಟರ್ ಫಿಶ್' ಅನ್ನುವುದೆಲ್ಲ ಒಂದೇ ಜಾತಿಯಲ್ಲ. ಮೂರು ಬಗೆಯವು ಒಂದೇ ಹೆಸರಿನಲ್ಲಿ ಮಾರಾಟವಾಗುತ್ತವೆ.

ಮೊದಲನೆಯದು ಹೊಂಚು ಹಾಕಿ ಹಿಡಿಯುವವು. ಹಾವುತಲೆ ಮೀನು (ನಮ್ಮ ಕಡೆ ಮರಲ್, ದಕ್ಷಿಣದವರ ಬಾಯಲ್ಲಿ ಕೊರವ), ಗಾರ್, ಸೂಜಿಬಾಯಿಯ ನೀಡಲ್ ಫಿಶ್ ಈ ಗುಂಪಿನವು. ಇವು ಅಲುಗಾಡದೆ ನಿಂತು ಒಮ್ಮೆಲೇ ಎರಗುತ್ತವೆ. ಎರಡನೆಯದು ಬಾಯಿಗೆ ಹಿಡಿಸಿದ್ದನ್ನೆಲ್ಲ ನುಂಗುವವು. ಆಸ್ಕರ್, ಅರೋವಾನಾ, ರೆಡ್ ಟೈಲ್ ಕ್ಯಾಟ್‌ಫಿಶ್ ಇಂಥವು. ಮೂರನೆಯದು ಬೇಟೆಗಾರಕ್ಕಿಂತ ಜಗಳಗಂಟವು. ಫ್ಲವರ್‌ಹಾರ್ನ್ ಇದಕ್ಕೆ ಒಳ್ಳೆಯ ಉದಾಹರಣೆ. ತನ್ನ ಜಾಗಕ್ಕೆ ಯಾರು ಬಂದರೂ, ಟ್ಯಾಂಕ್ ತೊಳೆಯಲು ಬಂದ ಯಜಮಾನನ ಕೈಯಾದರೂ ಸರಿ, ಅದು ಕಚ್ಚುತ್ತದೆ.

ಮೂರಕ್ಕೂ ಅನ್ವಯವಾಗುವ ನಿಯಮ ಒಂದಿದೆ: ಬಾಯಲ್ಲಿ ಹಿಡಿಸುವ ಯಾವ ಮೀನೂ ಸಂಗಾತಿ ಅಲ್ಲ, ಅದು ಊಟ. "ಮರಿ ಇದ್ದಾಗಿಂದ ಜೊತೆಗೇ ಬೆಳೆದರೆ ಏನೂ ಮಾಡಲ್ಲ" ಎಂಬ ಮಾತನ್ನು ನಂಬಿ ಗಪ್ಪಿ, ಟೆಟ್ರಾ ಬಿಟ್ಟವರು ಬೆಳಗ್ಗೆ ಎದ್ದು ಎಣಿಸಿದಾಗ ಲೆಕ್ಕ ತಪ್ಪಿರುತ್ತದೆ.

ಮೊದಲು ನಿಮ್ಮ ನೀರನ್ನು ನೋಡಿ

ಪೇಟೆಯಲ್ಲಿ ಸಿಗುವ ಬಹಳಷ್ಟು ಬೇಟೆ ಮೀನುಗಳ ಮೂಲ ಅಮೆಝಾನ್ ನದಿಯ ಮೆದು ನೀರು. ನಮ್ಮ ನೀರು ಅಂಥದ್ದಲ್ಲ. ವಿಜಯಪುರ ಜಿಲ್ಲೆಯ ಬಹುಭಾಗದ ಕೆಳಗಿರುವುದು ದಖನ್ನಿನ ಕಪ್ಪುಕಲ್ಲು, ತಾಳಿಕೋಟೆಯ ಕಡೆ ಸುಣ್ಣದ ಕಲ್ಲು. ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೇರಳ. ಗೀಸರ್ ಕಾಯಿಲ್ ಮೇಲೆ, ನಲ್ಲಿಯ ಬಾಯಲ್ಲಿ ಬೆಳ್ಳಗೆ ಪೊರೆ ಕಟ್ಟುವುದೇ ಇದರಿಂದ. ಡೋಣಿ ಹರಿಯುವ ಬಾಗೇವಾಡಿ, ಮುದ್ದೇಬಿಹಾಳ ಭಾಗದಲ್ಲಿ ಸವುಳು ನೀರು ಏನೆಂದು ಯಾರಿಗೂ ಹೇಳಿಕೊಡಬೇಕಿಲ್ಲ.

ಗಡಸು ನೀರಿನ ಪಿಎಚ್ ಸಾಮಾನ್ಯವಾಗಿ ಏಳೂವರೆಯಿಂದ ಎಂಟೂವರೆಯವರೆಗೆ ಇರುತ್ತದೆ. ಬೇಟೆ ಮೀನು ಸಾಕುವವರು ಇಲ್ಲಿ ಗಮನಿಸಬೇಕಾದ ರಸಾಯನಶಾಸ್ತ್ರವೊಂದಿದೆ. ಮೀನಿನ ಕಿವಿರಿನಿಂದ ಮತ್ತು ಮಲದಿಂದ ಅಮೋನಿಯಾ ಹೊರಬರುತ್ತದೆ. ಅದರಲ್ಲಿ ಒಂದು ಭಾಗ ಮಾತ್ರ ಕಡು ವಿಷಕಾರಿ ರೂಪದಲ್ಲಿರುತ್ತದೆ. 30 ಡಿಗ್ರಿ ಶಾಖದಲ್ಲಿ ಪಿಎಚ್ 7 ಇದ್ದರೆ ಆ ವಿಷಕಾರಿ ಭಾಗ ಶೇ. 1ಕ್ಕಿಂತ ಕಡಿಮೆ. ಅದೇ ಶಾಖದಲ್ಲಿ ಪಿಎಚ್ 8 ಆದರೆ ಶೇ. 7ಕ್ಕೂ ಹೆಚ್ಚು, ಅಂದರೆ ಸುಮಾರು ಹತ್ತು ಪಟ್ಟು. ಬೇಟೆ ಮೀನು ತಿನ್ನುವುದು ಪ್ರೋಟೀನ್ ಹೆಚ್ಚಿರುವ ಆಹಾರ, ಹಾಗಾಗಿ ಅದು ಬಿಡುವ ಅಮೋನಿಯಾವೂ ಹೆಚ್ಚು. ಬೆಂಗಳೂರಿನಲ್ಲೋ ಶಿರಸಿಯಲ್ಲೋ ನಡೆದುಹೋಗುವ ಸೋಮಾರಿತನ ನಮ್ಮ ಬೇಸಿಗೆಯಲ್ಲಿ, ನಮ್ಮ ನೀರಿನಲ್ಲಿ ನಡೆಯುವುದಿಲ್ಲ.

ಪರಿಹಾರ ಇದೆ. ಟ್ಯಾಂಕ್ ತಂದ ದಿನವೇ ಮೀನು ಬಿಡಬಾರದು. ನೀರು ತುಂಬಿಸಿ, ಫಿಲ್ಟರ್ ಓಡಿಸಿ, ಚಿಟಿಕೆ ಮೀನಿನ ಆಹಾರ ಹಾಕುತ್ತಾ ನಾಲ್ಕರಿಂದ ಆರು ವಾರ ಕಾಯಬೇಕು. ಆ ಹೊತ್ತಿಗೆ ಫಿಲ್ಟರಿನ ಸ್ಪಾಂಜಿನಲ್ಲಿ ಬ್ಯಾಕ್ಟೀರಿಯಾ ನೆಲೆಯೂರಿ, ಅಮೋನಿಯಾವನ್ನು ಮೊದಲು ನೈಟ್ರೈಟ್ ಆಗಿ, ಆಮೇಲೆ ಅಷ್ಟೇನೂ ವಿಷವಲ್ಲದ ನೈಟ್ರೇಟ್ ಆಗಿ ಬದಲಿಸಲು ಶುರು ಮಾಡುತ್ತವೆ. ಮನೆಯಲ್ಲಿ ಹಾಲಿಗೆ ಹೆಪ್ಪು ಹಾಕಿ ಕಾಯುವಂತೆಯೇ ಇದು. ಅವಸರ ಮಾಡಿದರೆ ಮೊಸರಾಗುವುದಿಲ್ಲ. ಫಿಲ್ಟರ್ ಸ್ಪಾಂಜನ್ನು ನಲ್ಲಿ ನೀರಿನಲ್ಲಿ ಉಜ್ಜಿ ತೊಳೆದರೆ ಆ ಹೆಪ್ಪೇ ಹೋಗುತ್ತದೆ. ಟ್ಯಾಂಕಿನಿಂದಲೇ ತೆಗೆದ ನೀರಿನಲ್ಲಿ ಅದ್ದಿ ಹಿಂಡಿದರೆ ಸಾಕು. ಪುರಸಭೆಯ ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಒಂದು ದಿನ ತೆರೆದ ಡ್ರಮ್ಮಿನಲ್ಲಿಟ್ಟು ಬಳಸಿ, ಇಲ್ಲವೇ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ನಿವಾರಕದ ಹನಿ ಹಾಕಿ.

ಎಷ್ಟು ದೊಡ್ಡ ಟ್ಯಾಂಕ್? ಲೆಕ್ಕ ಹಾಕೋಣ

ಹವ್ಯಾಸಿಗಳು ಒಪ್ಪಿಕೊಂಡಿರುವ ಸರಳ ಸೂತ್ರ ಹೀಗಿದೆ: ಟ್ಯಾಂಕಿನ ಉದ್ದ ಪೂರ್ತಿ ಬೆಳೆದ ಮೀನಿನ ಉದ್ದದ ನಾಲ್ಕು ಪಟ್ಟಾದರೂ ಇರಬೇಕು, ಅಗಲ ಮೀನಿನ ಉದ್ದಕ್ಕಿಂತ ಹೆಚ್ಚಿರಬೇಕು. ಇಲ್ಲದಿದ್ದರೆ ಅದು ಸಲೀಸಾಗಿ ತಿರುಗಲಾರದು.

ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕಿನಲ್ಲಿ ಹಿಡಿಯುವುದು ಸುಮಾರು 57 ಲೀಟರ್. ಆಸ್ಕರ್‌ಗೆ ಬೇಕಾದ 4 x 1.5 x 1.5 ಅಡಿಯ ಟ್ಯಾಂಕಿನಲ್ಲಿ 255 ಲೀಟರ್. ಅಂದರೆ ನೀರಿನ ಭಾರವೇ ಎರಡೂವರೆ ಕ್ವಿಂಟಲ್. ಗಾಜು, ಕಲ್ಲು, ಸ್ಟ್ಯಾಂಡ್ ಸೇರಿದರೆ ಮೂರು ಕ್ವಿಂಟಲ್ ದಾಟುತ್ತದೆ. ಟೀವಿ ಇಡುವ ಮೇಜು ಇದನ್ನು ತಡೆಯುವುದಿಲ್ಲ. ಹಳೆಯ ಮಾಳಿಗೆ ಮನೆಯ ಮೇಲಿನ ಕೋಣೆಯಲ್ಲಿ ಇಡುವ ಯೋಚನೆಯನ್ನೂ ಮಾಡಬೇಡಿ. ನೆಲಮಹಡಿಯಲ್ಲಿ, ಬಿಸಿಲು ಬೀಳದ ಗೋಡೆಯ ಪಕ್ಕ, ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ ಇಡಿ.

ಇನ್ನು ನೀರು ಬದಲಿಸುವುದು. ವಾರಕ್ಕೆ ಕಾಲುಭಾಗಕ್ಕಿಂತ ಕಡಿಮೆ ಆಗಬಾರದು. 255 ಲೀಟರಿನ ಟ್ಯಾಂಕಿಗೆ ಅದು ವಾರಕ್ಕೆ 65 ಲೀಟರ್, ಅಂದರೆ ನಾಲ್ಕೈದು ಕೊಡ. ಏಪ್ರಿಲ್-ಮೇನಲ್ಲಿ ಟ್ಯಾಂಕರ್ ಬರುವ ಓಣಿಯಲ್ಲಿ ಮೀನಿಗೆ ವಾರಕ್ಕೆ ಐದು ಕೊಡ ನೀರು ಎಂದರೆ ಮನೆಯಲ್ಲಿ ಮಾತು ಬಂದೇ ಬರುತ್ತದೆ. ಅದಕ್ಕೊಂದು ಉತ್ತರ: ಮೀನಿನ ನೀರನ್ನು ಗಟಾರಕ್ಕೆ ಚೆಲ್ಲಬೇಡಿ. ನೈಟ್ರೇಟ್ ತುಂಬಿದ ಆ ನೀರು ಗಿಡಕ್ಕೆ ಗೊಬ್ಬರ. ಹಿತ್ತಲಿನ ನಿಂಬೆ ಗಿಡಕ್ಕೋ ಕರಿಬೇವಿಗೋ ಹಾಕಿದರೆ ಒಂದೇ ನೀರು ಎರಡು ಕೆಲಸಕ್ಕೆ ಬರುತ್ತದೆ.

ಕರೆಂಟಿನ ಲೆಕ್ಕ ಅಷ್ಟು ಭಾರವಲ್ಲ. 25 ವ್ಯಾಟ್‌ನ ಫಿಲ್ಟರ್ ದಿನವಿಡೀ ಓಡಿದರೆ ತಿಂಗಳಿಗೆ 18 ಯೂನಿಟ್. ಗೃಹಜ್ಯೋತಿಯ ಮಿತಿಯ ಅಂಚಿನಲ್ಲಿರುವವರು ಮಾತ್ರ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ತೊಂದರೆ ಇರುವುದು ಕರೆಂಟ್ ಹೋದಾಗ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುತ್ತದೆ. 25 ಡಿಗ್ರಿಯಲ್ಲಿ ಲೀಟರಿಗೆ ಹೆಚ್ಚೆಂದರೆ 8.3 ಮಿಲಿಗ್ರಾಂ, 35 ಡಿಗ್ರಿಯಲ್ಲಿ 7 ಮಿಲಿಗ್ರಾಂಗೂ ಕಡಿಮೆ. ಹೊರಗೆ 42 ಡಿಗ್ರಿ ಬಿಸಿಲು, ಒಳಗೆ ಕರೆಂಟಿಲ್ಲ, ಟ್ಯಾಂಕಿನಲ್ಲಿ ಒಂದಡಿಯ ಮೀನು. ಬ್ಯಾಟರಿಯಿಂದ ಓಡುವ ಏರ್ ಪಂಪ್ ಒಂದನ್ನು ಮೀನಿಗಿಂತ ಮೊದಲೇ ತಂದಿಡಿ. ನೀರಿನ ಮೇಲ್ಮೈಗೆ ಗಾಳಿ ಬೀಸುವಂತೆ ಸಣ್ಣ ಫ್ಯಾನ್ ಇಟ್ಟರೆ ಎರಡು-ಮೂರು ಡಿಗ್ರಿ ಇಳಿಯುತ್ತದೆ. ಮಣ್ಣಿನ ಕೊಡದ ನೀರು ತಣ್ಣಗಾಗುವ ಅದೇ ಉಪಾಯ.

ಇವನ್ನು ತರಬೇಡಿ

ಅಲಿಗೇಟರ್ ಗಾರ್: ಮೊಸಳೆಯಂಥ ಮೂತಿ ನೋಡಿ ಹುಡುಗರು ಮರುಳಾಗುತ್ತಾರೆ. ಅಂಗಡಿಯಲ್ಲಿ ಗೇಣುದ್ದ ಇರುವ ಇದು ಎರಡು ಮೀಟರ್ ದಾಟಿ ಬೆಳೆಯುವ ಮೀನು. ಉತ್ತರ ಅಮೆರಿಕದ ನದಿಗಳದ್ದು, ದಶಕಗಳ ಕಾಲ ಬದುಕುತ್ತದೆ.

ರೆಡ್ ಟೈಲ್ ಕ್ಯಾಟ್‌ಫಿಶ್: ಕೆಂಪು ಬಾಲ, ಬಿಳಿ ಹೊಟ್ಟೆ, ಉದ್ದ ಮೀಸೆ. ಪೂರ್ತಿ ಬೆಳೆದರೆ ಒಂದು ಮೀಟರಿಗೂ ಹೆಚ್ಚು. ಇದಕ್ಕೆ ಯಾವ ಮನೆಯ ಟ್ಯಾಂಕೂ ಸಾಲುವುದಿಲ್ಲ.

'ಪಿರಾನ್ಹಾ': ಈ ಹೆಸರಿನಲ್ಲಿ ಮಾರುವ ಕೆಂಪು ಹೊಟ್ಟೆಯ ಮರಿಗಳು ಬಹುತೇಕ ಪಾಕು ಮೀನುಗಳು. ಮೀನು ಮಾರ್ಕೆಟ್ಟಿನಲ್ಲಿ ತಕ್ಕಡಿಯ ಮೇಲೆ 'ರೂಪಚಂದ್' ಎಂದು ಕಿಲೋ ಲೆಕ್ಕದಲ್ಲಿ ಸಿಗುವುದು ಇದೇ. ಬೇಟೆಗಾರ ಅಂತ ತಂದಿದ್ದು ಮುಖ್ಯವಾಗಿ ಹಣ್ಣು-ಬೀಜ ತಿನ್ನುವ ಮೀನು, ಅದೂ ಎರಡಡಿಗೂ ಮೀರಿ ಬೆಳೆಯುವಂಥದ್ದು.

ಅರೋವಾನಾ: ಬೆಳ್ಳಿ ಬಣ್ಣದ ಸಿಲ್ವರ್ ಅರೋವಾನಾ ಸುಮಾರು ಮೂರಡಿ ಬೆಳೆಯುತ್ತದೆ. ಮೇಲಿನ ಸೂತ್ರದ ಪ್ರಕಾರ ಹನ್ನೆರಡು ಅಡಿ ಉದ್ದ, ಮೂರಡಿ ಅಗಲದ ಟ್ಯಾಂಕ್ ಬೇಕು. ಅದು ಟ್ಯಾಂಕ್ ಅಲ್ಲ, ಹಗೇವು. ಕೆಂಪು-ಬಂಗಾರ ಬಣ್ಣದ ಏಷ್ಯನ್ ಅರೋವಾನಾದ ಕಥೆ ಇನ್ನೂ ಬೇರೆ. ಅಳಿವಿನ ಅಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲ ಪಟ್ಟಿಯಲ್ಲಿ ಅದು ಇದೆ. 2022ರ ತಿದ್ದುಪಡಿಯ ನಂತರ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಸೈಟಿಸ್ ಪಟ್ಟಿಯ ಜೀವಿಗಳನ್ನು ಒಳಗೊಂಡಿದೆ. ಅಂಥ ಮೀನು ಮನೆಯಲ್ಲಿದ್ದರೆ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. "ಅದೃಷ್ಟ ತರ್ತದ" ಅಂತ ಲಕ್ಷಗಟ್ಟಲೆ ಕೊಟ್ಟು ಕಾಗದಪತ್ರ ಇಲ್ಲದ ಅರೋವಾನಾ ತಂದರೆ ಬರುವುದು ಅದೃಷ್ಟವಲ್ಲ, ಕೇಸು.

ಆಫ್ರಿಕನ್ ಮಾಗೂರ್: ಕೇಂದ್ರ ಸರ್ಕಾರ 2000ದಲ್ಲೇ ಇದರ ಸಾಕಣೆಯನ್ನು ನಿಷೇಧಿಸಿದೆ, ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೂ ಆ ನಿಷೇಧವನ್ನು ಎತ್ತಿಹಿಡಿದಿದೆ. ಸಾಕುವ ಹೊಂಡದಲ್ಲಷ್ಟೇ ಅಲ್ಲ, ಅಲಂಕಾರಕ್ಕೆಂದು ಟ್ಯಾಂಕಿನಲ್ಲೂ ಇದು ಬೇಡ.

ನಮ್ಮ ನದಿಯದ್ದೇ ಆದರೂ ಬಾಳೆ ಮೀನಿನ ಮರಿಯನ್ನು ಹಿಡಿದು ತರಬೇಡಿ. ಅಗಲ ಬಾಯಿಯ ಈ ಮೀನು ಒಂದೂವರೆ-ಎರಡು ಮೀಟರ್‌ವರೆಗೆ ಬೆಳೆಯಬಲ್ಲದು. ಅದರ ಸಂಖ್ಯೆ ಕುಸಿಯುತ್ತಿದೆ ಎಂದು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಅದನ್ನು ಅಪಾಯಕ್ಕೀಡಾದ ಪಟ್ಟಿಯಲ್ಲಿಟ್ಟಿದೆ.

ಹಾಗಾದರೆ ಯಾವುದು ತರಬಹುದು?

ನೀರಿಗೆ ಮೀನು ಹೊಂದಬೇಕೇ ಹೊರತು ಮೀನಿಗಾಗಿ ನೀರನ್ನು ಬದಲಿಸಲು ಹೋಗಬಾರದು. ಗಡಸು ನೀರಿಗೆ ಆರ್‌ಒ ನೀರು ಬೆರೆಸಿ, ಪಿಎಚ್ ಇಳಿಸುವ ಪುಡಿ ಹಾಕಿ ಹೆಣಗಾಡುವುದು ಆರು ತಿಂಗಳು ನಡೆದೀತು, ಹತ್ತು ವರ್ಷ ನಡೆಯದು. ಆ ದೃಷ್ಟಿಯಿಂದ ನಮ್ಮ ಭಾಗಕ್ಕೆ ಈ ಆಯ್ಕೆಗಳು ಒಳ್ಳೆಯವು.

ಮೊದಲನೆಯದು ಆಫ್ರಿಕಾದ ಮಲಾವಿ ಸರೋವರದ ಪೀಕಾಕ್ ಸಿಕ್ಲಿಡ್‌ಗಳು. ಆ ಸರೋವರದ ನೀರು ಸ್ವಭಾವತಃ ಕ್ಷಾರೀಯ, ಪಿಎಚ್ ಸುಮಾರು 8. ಬೇರೆ ಮೀನಿಗೆ ತೊಂದರೆಯಾಗುವ ನಮ್ಮ ಬೋರ್ ನೀರು ಇವಕ್ಕೆ ತವರುಮನೆ ಇದ್ದಂತೆ. 12ರಿಂದ 15 ಸೆಂಟಿಮೀಟರ್ ಬೆಳೆಯುತ್ತವೆ. ಮರಳಿನ ಮೇಲೆ ತೇಲುತ್ತಾ ಕೆಳಗಿನ ಹುಳುಗಳ ಸದ್ದು ಹಿಡಿದು ಎರಗುತ್ತವೆ. ನೀಲಿ, ಹಳದಿ, ಕಿತ್ತಳೆ ಬಣ್ಣ. ನಾಲ್ಕಡಿಯ ಟ್ಯಾಂಕಿನಲ್ಲಿ ಒಂದು ಗುಂಪನ್ನೇ ಇಡಬಹುದು. ಬೇಟೆಯ ಸ್ವಭಾವ, ಬಣ್ಣ, ನಮ್ಮ ನೀರು ಮೂರೂ ಕೂಡಿಬರುವುದು ಇಲ್ಲಿಯೇ.

ಎರಡನೆಯದು ಫ್ಲವರ್‌ಹಾರ್ನ್. ನಿಸರ್ಗದಲ್ಲಿ ಈ ಮೀನು ಇಲ್ಲ. 1990ರ ದಶಕದಲ್ಲಿ ಮಲೇಷ್ಯಾದಲ್ಲಿ ಬೇರೆ ಬೇರೆ ಸಿಕ್ಲಿಡ್‌ಗಳನ್ನು ಕೂಡಿಸಿ ಮಾಡಿದ ತಳಿ. ಗಡಸು ನೀರನ್ನು ತಡೆಯುತ್ತದೆ, ಯಜಮಾನನನ್ನು ಗುರುತು ಹಿಡಿಯುತ್ತದೆ. 25ರಿಂದ 30 ಸೆಂಟಿಮೀಟರ್ ಬೆಳೆಯುತ್ತದೆ. ನಾಲ್ಕಡಿ ಟ್ಯಾಂಕಿನಲ್ಲಿ ಒಂದೇ ಒಂದು, ಅದೂ ಒಂಟಿಯಾಗಿ. ಹಣೆಯ ಉಬ್ಬಿನಲ್ಲಿ ಲಕ್ಷ್ಮಿ ಇದ್ದಾಳೆ, ಮೈಮೇಲಿನ ಕಪ್ಪು ಚುಕ್ಕೆ ಲಾಟರಿ ನಂಬರ್ ಎಂಬ ಮಾತನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ಮೀನಿನ ಬೆಲೆ ಏರುವುದು ಆ ಮಾತಿನಿಂದಲೇ.

ಮೂರನೆಯದು ಕುಳ್ಳ ಹಾವುತಲೆ ಮೀನು, ಹವ್ಯಾಸಿಗಳು 'ಚನ್ನಾ ಗಾಚುವಾ' ಎನ್ನುತ್ತಾರೆ. ನಮ್ಮ ದೇಶದ ಹಳ್ಳ-ಕೊಳ್ಳಗಳದ್ದೇ ಮೀನು. 15ರಿಂದ 20 ಸೆಂಟಿಮೀಟರಿಗೆ ನಿಲ್ಲುತ್ತದೆ. ನೀರಿನ ಮೇಲೆ ಬಂದು ಗಾಳಿಯನ್ನೇ ಉಸಿರಾಡಬಲ್ಲದು, ಹಾಗಾಗಿ ಕರೆಂಟ್ ಹೋದರೂ ಕಂಗಾಲಾಗುವುದಿಲ್ಲ. 2.5 x 1.25 x 1.25 ಅಡಿಯ, ಸುಮಾರು 110 ಲೀಟರಿನ ಟ್ಯಾಂಕ್ ಒಂದು ಮೀನಿಗೆ ಸಾಕು. ಎರಡು ಎಚ್ಚರಿಕೆ: ಮುಚ್ಚಳ ಗಟ್ಟಿ ಇರಬೇಕು, ಯಾಕೆಂದರೆ ಬೆರಳು ತೂರುವಷ್ಟು ಸಂದಿಯಿಂದಲೂ ಇದು ಹಾರುತ್ತದೆ. ನೀರು ಮತ್ತು ಮುಚ್ಚಳದ ನಡುವೆ ಗಾಳಿಗೆ ಜಾಗ ಇರಬೇಕು. ಮರಿ ಕೊಳ್ಳುವಾಗ ಇದು ಕುಳ್ಳ ಜಾತಿಯೇ ಎಂದು ಖಚಿತ ಮಾಡಿಕೊಳ್ಳಿ. ದೊಡ್ಡ ಮರಲ್ ಮರಿಯೂ ಸಣ್ಣದಿದ್ದಾಗ ಚೆಂದವೇ. ಅದು ಮೂರಡಿ ದಾಟಬಲ್ಲ ಮೀನು.

ನಾಲ್ಕನೆಯದು ಆಸ್ಕರ್. ಗಡಸು ನೀರು ಅದಕ್ಕೆ ಇಷ್ಟವಲ್ಲ, ಆದರೆ ಪಿಎಚ್ 8ರವರೆಗೆ ತಡೆದುಕೊಳ್ಳುತ್ತದೆ. ನಾಲ್ಕಡಿ ಟ್ಯಾಂಕ್, ಜೋರಾದ ಫಿಲ್ಟರ್, ವಾರ ತಪ್ಪದೆ ನೀರು ಬದಲಾವಣೆ. ಇಷ್ಟಕ್ಕೂ ಸಿದ್ಧವಿದ್ದರೆ ಮಾತ್ರ.

ಜಾಗ ತೀರ ಕಡಿಮೆ ಇದ್ದರೆ ಐದನೆಯದೂ ಇದೆ: ಬಟಾಣಿ ಪಫರ್. ಪಶ್ಚಿಮ ಘಟ್ಟದ ನದಿಗಳ ಈ ಮೀನು ಬೆಳೆದರೂ 2.5 ಸೆಂಟಿಮೀಟರ್. ಬಸವನಹುಳುಗಳನ್ನು ಹುಡುಕಿ ಹುಡುಕಿ ತಿನ್ನುವ ಪಕ್ಕಾ ಬೇಟೆಗಾರ, 40 ಲೀಟರಿನಲ್ಲೂ ನೆಮ್ಮದಿಯಾಗಿರುತ್ತದೆ. ನದಿಯಿಂದ ಹಿಡಿದು ಮಾರುವುದರಿಂದ ಇದರ ಸಂಖ್ಯೆಯೂ ಕುಸಿದಿದೆ. ಟ್ಯಾಂಕಿನಲ್ಲೇ ಮರಿ ಮಾಡಿಸಿದ್ದು ಸಿಕ್ಕರೆ ತನ್ನಿ, ಇಲ್ಲದಿದ್ದರೆ ಬಿಡಿ.

ಮನ್ಯಾಗ ಮಾಂಸ ತರೋ ಹಂಗಿಲ್ಲ ಅಂದ್ರ?

ನಮ್ಮ ಭಾಗದ ಎಷ್ಟೋ ಮನೆಗಳಲ್ಲಿ ಈ ಪ್ರಶ್ನೆ ಮೀನು ಬಂದ ಮೇಲೆ ಏಳುತ್ತದೆ. ಫ್ರಿಜ್ಜಿನಲ್ಲಿ ಹಾಲಿನ ಪಕ್ಕ ಸಿಗಡಿಯ ಪೊಟ್ಟಣ ಕಂಡರೆ ಅವ್ವ ಸುಮ್ಮನಿರುವುದಿಲ್ಲ. ಬಸವಣ್ಣ ಹುಟ್ಟಿದ ಊರಿನಲ್ಲಿ ಇದು ಸಣ್ಣ ಮಾತೂ ಅಲ್ಲ. ಮೊದಲೇ ಕೂತು ಮಾತಾಡಿಕೊಳ್ಳುವುದು ಒಳ್ಳೆಯದು.

ಪೀಕಾಕ್, ಫ್ಲವರ್‌ಹಾರ್ನ್, ಆಸ್ಕರ್ ಮೂರೂ ಒಣ ಗುಳಿಗೆ ಆಹಾರ ತಿಂದು ಚೆನ್ನಾಗಿ ಬದುಕುತ್ತವೆ. ಗುಳಿಗೆಯಲ್ಲಿ ಇರುವುದೂ ಮೀನಿನ ಹಿಟ್ಟೇ, ಆದರೆ ಡಬ್ಬಿಯಲ್ಲಿರುತ್ತದೆ, ಅಡುಗೆಮನೆಗೆ ಬರಬೇಕಿಲ್ಲ. ಪ್ರೋಟೀನ್ ಶೇ. 40ರ ಆಸುಪಾಸು ಇರುವುದನ್ನು ನೋಡಿ ಕೊಳ್ಳಿ. ಹಾವುತಲೆ ಮೀನನ್ನು ಗುಳಿಗೆಗೆ ಒಗ್ಗಿಸಲು ಕೆಲವು ವಾರ ಬೇಕು. ಅಲ್ಲಿಯವರೆಗೆ ಎರೆಹುಳು ಕೊಡಬಹುದು. ನೀಡಲ್ ಫಿಶ್‌ನಂಥವು ಜೀವಂತ ಆಹಾರ ಬಿಟ್ಟು ಬೇರೆ ಮುಟ್ಟುವುದು ಕಷ್ಟ. ಅಂಥ ಮನೆಗೆ ಅವು ಬೇಡ.

ಮಾಂಸ ತಿನ್ನುವ ಮನೆಯವರೂ ಎರಡು ತಪ್ಪು ಮಾಡುತ್ತಾರೆ. ಒಂದು, ಕೋಳಿ-ಕುರಿಯ ತುಣುಕು ಹಾಕುವುದು. ಆ ಕೊಬ್ಬು ಮೀನಿಗೆ ಅರಗುವುದಿಲ್ಲ, ಪಿತ್ತಜನಕಾಂಗ ಹಾಳಾಗುತ್ತದೆ. ಇನ್ನೊಂದು, ಸಣ್ಣ ಗೋಲ್ಡ್ ಫಿಶ್‌ಗಳನ್ನು ಜೀವಂತ ಬಿಟ್ಟು ಬೇಟೆಯನ್ನು ಮೊಬೈಲಿನಲ್ಲಿ ಹಿಡಿಯುವುದು. ಗೋಲ್ಡ್ ಫಿಶ್‌ನ ಮೈಯಲ್ಲಿ ಬಿ1 ಜೀವಸತ್ವವನ್ನು ಒಡೆಯುವ ಕಿಣ್ವ ಇದೆ. ಅದನ್ನೇ ತಿಂದು ಬೆಳೆದ ಮೀನು ಸೊರಗುತ್ತದೆ. ಅಂಗಡಿಯ ಅಗ್ಗದ ಮೀನಿನ ಜೊತೆ ರೋಗವೂ ಬರುತ್ತದೆ. ಬೆಳೆದ ಬೇಟೆ ಮೀನಿಗೆ ದಿನಾ ಊಟ ಬೇಕಿಲ್ಲ. ವಾರಕ್ಕೆ ಮೂರು-ನಾಲ್ಕು ಸಲ ಸಾಕು.

ಕೆರೆಗೆ ಬಿಟ್ಟರೆ ಏನಾಗ್ತದ?

ಈಗ ಆ ಬಕೆಟ್ಟಿನ ಮಾತಿಗೆ ಬರೋಣ. ನಾಲ್ಕೂ ತಾಲ್ಲೂಕುಗಳು ಎರಡು ನದಿಗಳ ನಡುವೆ ಇವೆ. ದಕ್ಷಿಣಕ್ಕೆ ಕೃಷ್ಣೆ, ಉತ್ತರಕ್ಕೆ ಭೀಮೆ. ಒಂದು ಕಾಲದಲ್ಲಿ ಊರ ಕೆರೆ ಅಂದರೆ ಮಳೆ ಬಂದರೆ ತುಂಬುವ, ಬೇಸಿಗೆಗೆ ಒಣಗುವ ಒಂಟಿ ಹೊಂಡ. ಅದಕ್ಕೆ ಬಿದ್ದ ಹೊರಗಿನ ಮೀನು ಅಲ್ಲೇ ಸಾಯುತ್ತಿತ್ತು. ಈಗ ಹಾಗಿಲ್ಲ. ಮುಳವಾಡ, ಚಿಮ್ಮಲಗಿ ಏತ ನೀರಾವರಿಗಳು ಆಲಮಟ್ಟಿ ಹಿನ್ನೀರನ್ನು ಎತ್ತಿ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ ಭಾಗಕ್ಕೆ ತಂದಿವೆ. ನಾರಾಯಣಪುರದ ಎಡದಂಡೆಯಿಂದ ಹೊರಟ ಇಂಡಿ ಶಾಖಾ ಕಾಲುವೆ ಇಂಡಿಯ ಕಡೆ ಹರಿಯುತ್ತದೆ. ಕೆರೆ ತುಂಬುವ ಯೋಜನೆಯಿಂದ ಒಣಗುತ್ತಿದ್ದ ಕೆರೆಗಳಲ್ಲಿ ನೀರು ನಿಂತಿದೆ. ರೈತನಿಗೆ ಇದು ದೊಡ್ಡ ವರ. ಆದರೆ ಕೆರೆ ಈಗ ಒಂಟಿಯಲ್ಲ. ಕೆರೆಯ ಕೋಡಿ ಹಳ್ಳಕ್ಕೆ, ಹಳ್ಳ ನದಿಗೆ. ಭೀಮೆಯೂ ಮುಂದೆ ರಾಯಚೂರಿನ ಹತ್ತಿರ ಕೃಷ್ಣೆಯನ್ನೇ ಸೇರುತ್ತದೆ. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿದಾಗ ಇಂಡಿ, ಸಿಂದಗಿಯ ನದಿ ದಂಡೆಯ ಊರುಗಳಲ್ಲಿ ಯಾವುದು ಹೊಲ, ಯಾವುದು ಹೊಳೆ ತಿಳಿಯುತ್ತಿರಲಿಲ್ಲ. ಅಂಥ ದಿನ ಮೀನು ಎಲ್ಲಿಂದ ಎಲ್ಲಿಗಾದರೂ ಹೋಗುತ್ತದೆ.

ಇದು ಊಹೆಯ ಮಾತಲ್ಲ. 2018ರ ಪ್ರವಾಹದ ನಂತರ ಕೇರಳದ ಚಾಲಕುಡಿ ನದಿಯಲ್ಲಿ ದಕ್ಷಿಣ ಅಮೆರಿಕದ ಅರಪೈಮಾ, ಅಲಿಗೇಟರ್ ಗಾರ್ ಸಿಕ್ಕವು. ಸಾಕಣೆ ಹೊಂಡಗಳಿಂದ ನೆರೆಗೆ ಕೊಚ್ಚಿಬಂದವು. 2023ರಲ್ಲಿ ಶ್ರೀನಗರದ ದಾಲ್ ಸರೋವರದ ಕಳೆ ತೆಗೆಯುವಾಗ ಅಲಿಗೇಟರ್ ಗಾರ್ ಒಂದು ಬಲೆಗೆ ಬಿತ್ತು. ನಮ್ಮದೇ ಕೃಷ್ಣೆಯ ಕೆಳಭಾಗದಲ್ಲಿ, ಆಂಧ್ರದಲ್ಲಿ, ಅಕ್ವೇರಿಯಂನ ಗಾಜು ಸ್ವಚ್ಛ ಮಾಡುತ್ತದೆಂದು ಮಾರುವ ಸಕ್ಕರ್ ಮೀನು ತುಂಬಿಕೊಂಡು ಮೀನುಗಾರರ ಬಲೆ ಹರಿಯುತ್ತಿದೆ. ಅಲ್ಲಿ ಅದಕ್ಕೆ ದೆವ್ವದ ಮೀನು ಎಂದೇ ಹೆಸರು. ಭೀಮೆಯ ಮೇಲ್ಭಾಗದ ಉಜನಿ ಜಲಾಶಯದಲ್ಲಿ ಹೊರಗಿನಿಂದ ಬಂದ ತಿಲಾಪಿಯಾ ಎಷ್ಟು ಹಬ್ಬಿದೆ ಎಂದರೆ ಅಲ್ಲಿನ ಊಟದ ತಟ್ಟೆಗೆ 'ಚಿಲಾಪಿ'ಯೇ ಗುರುತು.

ಇದರ ನಷ್ಟ ಮೊದಲು ತಟ್ಟುವುದು ಮೀನುಗಾರರಿಗೆ. ನಮ್ಮ ಕೆರೆಗಳನ್ನು ಗುತ್ತಿಗೆ ಹಿಡಿದ ಮೀನುಗಾರರ ಸಹಕಾರ ಸಂಘಗಳು ದುಡ್ಡು ಕೊಟ್ಟು ಕಾಟ್ಲಾ, ರೋಹು, ಗೆಂಡೆ ಮರಿಗಳನ್ನು ಬಿಡುತ್ತವೆ. ಬೆರಳುದ್ದದ ಆ ಮರಿಗಳು ಬೇಟೆ ಮೀನಿಗೆ ಸಿದ್ಧ ಊಟ. ಒಂದು ಆಸ್ಕರ್ ಬಿಟ್ಟರೆ ಕೆರೆ ಹಾಳಾಗುವುದಿಲ್ಲ ಎನ್ನಬಹುದು. ಆದರೆ ಬಿಡುವವರು ಒಬ್ಬರೇ ಇರುವುದಿಲ್ಲ, ಜೋಡಿ ಸೇರಿದರೆ ಮರಿಗಳಿಗೂ ಲೆಕ್ಕ ಇರುವುದಿಲ್ಲ. ಟ್ಯಾಂಕಿನ ರೋಗಾಣುಗಳೂ ನೀರಿಗೆ ಇಳಿಯುತ್ತವೆ. ಹಾಗಾಗಿ ನಮ್ಮ ನದಿಯದ್ದೇ ಮೀನಾದರೂ ಟ್ಯಾಂಕಿನಿಂದ ಮತ್ತೆ ನದಿಗೆ ಬಿಡಬಾರದು.

ಹಾಗಾದರೆ ಏನು ಮಾಡಬೇಕು? ಕೊಳ್ಳುವಾಗಲೇ "ದೊಡ್ಡದಾದ್ರ ವಾಪಸ್ ತಗೋತೀರೇನ್ರಿ?" ಎಂದು ಅಂಗಡಿಯವರನ್ನು ಕೇಳಿ. ಹೂಂ ಅನ್ನುವ ಅಂಗಡಿಯಲ್ಲೇ ಕೊಳ್ಳಿ. ಜಿಲ್ಲೆಯ ಹವ್ಯಾಸಿಗಳ ವಾಟ್ಸಾಪ್ ಗುಂಪುಗಳಲ್ಲಿ ದೊಡ್ಡ ಟ್ಯಾಂಕ್ ಇರುವವರು ಸಿಗುತ್ತಾರೆ. ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಯನ್ನೂ, ವಿಜಯಪುರದ ಭೂತನಾಳದಲ್ಲಿರುವ ಮೀನುಗಾರಿಕೆ ಸಂಶೋಧನಾ ಮತ್ತು ಮಾಹಿತಿ ಕೇಂದ್ರವನ್ನೂ ಸಲಹೆ ಕೇಳಬಹುದು. ಯಾವ ದಾರಿಯೂ ಇಲ್ಲದಿದ್ದರೆ ಪಶುವೈದ್ಯರಿಂದ ಅರಿವಳಿಕೆ ಕೊಡಿಸಿ ನೋವಿಲ್ಲದೆ ಮುಗಿಸುವುದು ಕಠಿಣ, ಆದರೆ ಕೆರೆಗೆ ಬಿಡುವುದಕ್ಕಿಂತ ಸರಿಯಾದ ದಾರಿ.

ಹೊಣೆ ಕೊಳ್ಳುವವನದ್ದು ಮಾತ್ರವೇ?

ಅಲ್ಲ. 2017ರಲ್ಲಿ ಕೇಂದ್ರ ಸರ್ಕಾರ ಅಕ್ವೇರಿಯಂ ಅಂಗಡಿಗಳಿಗೆ ಪ್ರತ್ಯೇಕ ನಿಯಮ ಪ್ರಕಟಿಸಿತ್ತು. ವ್ಯಾಪಾರಿಗಳ ವಿರೋಧ ಬಂದಮೇಲೆ ಹಿಂಪಡೆಯಿತು. ಆ ನಿಯಮಗಳಲ್ಲಿ ಅತಿ ಎನಿಸುವಂಥವೂ ಇದ್ದವು. ಆದರೆ ಹಿಂಪಡೆದ ಜಾಗದಲ್ಲಿ ಒಂದು ಸರಳ ನಿಯಮವನ್ನಾದರೂ ಇಡಬಹುದಿತ್ತು. ಸಿಗರೇಟಿನ ಪ್ಯಾಕಿನ ಮೇಲೆ ಎಚ್ಚರಿಕೆ ಇದೆ, ಬಿಸ್ಕತ್ತಿನ ಪ್ಯಾಕಿನ ಮೇಲೆ ಸಕ್ಕರೆಯ ಲೆಕ್ಕ ಇದೆ. ಮೀನಿನ ತೊಟ್ಟಿಯ ಮೇಲೆ ಅದರ ನಿಜವಾದ ಹೆಸರು, ಪೂರ್ತಿ ಬೆಳೆದಾಗಿನ ಉದ್ದ, ಬದುಕುವ ವರ್ಷ ಈ ಮೂರನ್ನು ಕನ್ನಡದಲ್ಲಿ ಬರೆದಿಡಲು ಒಂದು ಚೀಟಿ, ಒಂದು ಪೆನ್ನು ಸಾಕು. ಅಂಗಡಿಗೆ ಪರವಾನಗಿ ಕೊಡುವ ಪುರಸಭೆಗಳು ಇದನ್ನು ಷರತ್ತಾಗಿ ಹಾಕಬಹುದು.

ಅಲ್ಲಿಯವರೆಗೆ ಆ ಚೀಟಿಯನ್ನು ನಾವೇ ಬರೆದುಕೊಂಡು ಹೋಗಬೇಕು. ಮನೆಯ ಟ್ಯಾಂಕಿನ ಉದ್ದ-ಅಗಲ, ನೀರಿನ ಪಿಎಚ್, ವಾರಕ್ಕೆ ಎಷ್ಟು ಕೊಡ ನೀರು ಕೊಡಬಲ್ಲೆವು, ಮುಂದಿನ ಹತ್ತು ವರ್ಷ ಈ ಮೀನನ್ನು ನೋಡಿಕೊಳ್ಳುವವರು ಯಾರು. ಪಿಯುಸಿ ಮುಗಿಸಿ ಮಗ ಧಾರವಾಡಕ್ಕೋ ಬೆಂಗಳೂರಿಗೋ ಹೊರಟ ಮೇಲೆ ಕೊಡ ಹೊರುವವರು ಅಪ್ಪ-ಅವ್ವನೇ ತಾನೇ? ಆ ಚೀಟಿಗೆ ಹೊಂದುವ ಮೀನು ಅಂಗಡಿಯಲ್ಲಿ ಇರದಿದ್ದರೆ ಆ ದಿನ ಬರಿಗೈಯಲ್ಲಿ ಬಸ್ ಹತ್ತಿ. ಮುಂದಿನ ವಾರವೂ ಅಂಗಡಿ ಇರ್ತದ.